ಹಗ್ಗದ ಮೇಲೆ ಮೂರೇ ಬಟ್ಟೆ

೫ ಜುಲೈ ೨೦೨೪, ಶುಕ್ರವಾರ, ಬಸವಾಪಟ್ಟಣ

ತಪ್ಪು ನಡೆದದ್ದು ೨೦೧೫ರ ಜೂನ್ ೧೧, ಗುರುವಾರ, ಬೆಳಿಗ್ಗೆ ಹತ್ತೂವರೆಗೆ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಹನ್ನೊಂದು ಪುಟದ ಇಂಗ್ಲಿಷ್ ಕಾಗದ ಮುಂದಿಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ನನ್ನಿಂದ ಸಹಿ ಹಾಕಿಸಿಕೊಂಡರು. ಓದಿ ಹಾಕುತ್ತೇನೆ ಎಂದೆ. "ಥಿಯೇಟರ್ ರೆಡಿ ಐತೆ, ಬೇಗ ಮಾಡಮ್ಮ" ಎಂದರು. ನನಗೆ ಆಗ ಇಪ್ಪತ್ತೆರಡು.

ಅವ್ವ ಬಾಗಿಲಲ್ಲಿ ನಿಂತು ಕೇಳಿದಳು: "ಸಾಹೇಬ್ರೆ, ಮುಂದೆ ಕೂಸಿಗೆ ಹಾಲು ಕುಡಿಸಾಕೆ ಏನೂ ತೊಂದ್ರೆ ಆಗಲ್ಲಲ್ರೀ?"

ಡಾಕ್ಟರು ನಕ್ಕರು. "ಮೊದ್ಲು ಗಂಡು ಹುಡುಕ್ರಮ್ಮ. ಹಾಲಿನ ಚಿಂತೆ ಆಮೇಲೆ."

ಪಕ್ಕದಲ್ಲಿದ್ದ ಇಬ್ಬರೂ ನಕ್ಕರು. ನಗಬೇಕೇನೋ ಎಂದುಕೊಂಡು ಅವ್ವನೂ ನಕ್ಕಳು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಉಳಿದದ್ದೆಲ್ಲ ನೆನಪಿದೆ.

ಆಪರೇಷನ್ನಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ ಎಂದು ಇಲ್ಲಿಯೇ ಬರೆದಿಡುತ್ತೇನೆ. ಹದಿನಾಲ್ಕನೇ ವಯಸ್ಸಿನಿಂದ ಎಂಟು ವರ್ಷ ಎದೆಯ ಭಾರಕ್ಕೆ ಬೆನ್ನು ಬಾಗಿಸಿಕೊಂಡು ನಡೆದವಳು ನಾನು. ಎರಡೂ ಹೆಗಲ ಮೇಲೆ ಪಟ್ಟಿಯ ಗುರುತು ಗೀರಾಗಿ ಕೂತಿತ್ತು. ಬೇಸಿಗೆಯಲ್ಲಿ ಎದೆಯ ಕೆಳಗೆ ಚರ್ಮ ಬೆಂದು ಹುಣ್ಣಾಗುತ್ತಿತ್ತು. ಚನ್ನಗಿರಿ ಕಾಲೇಜಿಗೆ ಹೋಗುವ ಬಸ್ಸಿಗೆ ಓಡಿದರೆ ಸ್ಟ್ಯಾಂಡಿನಲ್ಲಿ ಸಿಳ್ಳೆ ಬೀಳುತ್ತಿತ್ತು. ಓಡುವುದನ್ನೇ ಬಿಟ್ಟೆ, ಎಷ್ಟೋ ಬಸ್ಸು ತಪ್ಪಿಸಿಕೊಂಡೆ. ಆಪರೇಷನ್ ಆದ ಮೇಲೆ ಮೊದಲ ಸಲ ನೆಟ್ಟಗೆ ನಿಂತೆ. ಅದು ತಪ್ಪಲ್ಲ. ಹೇಳದೇ ಇದ್ದದ್ದು ತಪ್ಪು. ಆ ಕಾಗದದ ನಕಲನ್ನು ಕಳೆದ ವರ್ಷ ಬಸುರಾದಾಗ ಹುಡುಕಿ ತೆಗೆದು, ನಿಘಂಟು ಇಟ್ಟುಕೊಂಡು ಓದಿದೆ. ಏಳನೇ ಪುಟದ ಕೊನೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಇದೆ: ಹಾಲಿನ ನಾಳಗಳು ಕತ್ತರಿಸಿಹೋಗಬಹುದು, ಮುಂದೆ ಹಾಲು ಕಡಿಮೆಯಾಗಬಹುದು, ಇಲ್ಲವೇ ಬಾರದೆಯೂ ಇರಬಹುದು. ಕೆಳಗೆ ನನ್ನದೇ ಸಹಿ. ಶಿವಲೀಲಾ ಎಸ್.

ನಾನು ಪಂಚಾಯಿತಿ ಗ್ರಂಥಾಲಯ ನಡೆಸುವವಳು. ದಿನಾಂಕವಿಲ್ಲದ ಯಾವ ಕಾಗದವನ್ನೂ ಕಡತಕ್ಕೆ ಸೇರಿಸುವವಳಲ್ಲ. ಇದನ್ನೂ ಹಾಗೆಯೇ ಬರೆಯುತ್ತೇನೆ.

ಮಗು ಹುಟ್ಟಿದ್ದು ಮಂಗಳವಾರ, ಜುಲೈ ೨, ಚನ್ನಗಿರಿಯ ಒಂದು ನರ್ಸಿಂಗ್ ಹೋಮಿನಲ್ಲಿ. ಹೆಣ್ಣು. ಎರಡು ಕಿಲೋ ಒಂಬೈನೂರು ಗ್ರಾಂ. ಅಲ್ಲಿನ ನರ್ಸಿಗೆ ಆಪರೇಷನ್ ವಿಷಯವನ್ನು ಕಿವಿಯಲ್ಲಿ ಹೇಳಿದೆ. "ಎಲ್ಲರಿಗೂ ಬರ್ತೈತೆ ಬಿಡ್ರಿ" ಎಂದು ದಿಂಬು ಸರಿಮಾಡಿ ಹೋದಳು. ತಾಯಿ ಕಾರ್ಡಿನಲ್ಲಿ ಏನೂ ಬರೆಯಲಿಲ್ಲ.

ನಿನ್ನೆ ತವರಿಗೆ ಬಂದೆವು. ಇವತ್ತು ಆಶಾ ಕಾರ್ಯಕರ್ತೆ ತಾಜ್‌ಬೀ ಜೋಳಿಗೆ ತಕ್ಕಡಿ ಹಿಡಿದು ಬಂದಳು. ಹೆಸರಿಡುವವರೆಗೆ ಕೂಸನ್ನು ತೂಗಬಾರದು ಎಂಬುದು ಅವ್ವನ ನಂಬಿಕೆ.

"ತಕ್ಕಡಿಗೆ ಹಾಕಿದ್ರೆ ಕೂಸು ಸೊರಗತೈತೆ ತಾಜ್‌ಬೀ. ತೊಟ್ಟಿಲಿಗೆ ಹಾಕಿದ ಮ್ಯಾಲೆ ನೀನು ಎಷ್ಟು ಸಲನಾದ್ರೂ ತೂಗು."

"ಶಾಂತಕ್ಕಾ, ಗೌರ್ಮೆಂಟ್ ತಕ್ಕಡಿಗೆ ದೃಷ್ಟಿ ಇರಲ್ಲ" ಎಂದಳು ತಾಜ್‌ಬೀ. ಅವ್ವ ನಗಲಿಲ್ಲ. ತಾಜ್‌ಬೀ ನನ್ನ ಮುಖ ನೋಡಿದಳು. ಮೂಢನಂಬಿಕೆಯ ವಿರುದ್ಧ ಗ್ರಂಥಾಲಯದ ಗೋಡೆಗೆ ಭಿತ್ತಿಪತ್ರ ಅಂಟಿಸುವವಳು ನಾನೇ. ಆದರೂ, "ಈಗಷ್ಟೆ ಮಲಗೈತೆ, ಇನ್ನೊಂದಿನ ನೋಡಾನ" ಎಂದೆ. ಉಚ್ಚೆ ದಿನಕ್ಕೆ ಎಷ್ಟು ಸಲ ಎಂದು ಕೇಳಿದಳು. ಆರು ಎಂದೆ. ಬರೆದುಕೊಂಡಳು.

೬ ಜುಲೈ, ಶನಿವಾರ

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ. ಅವ್ವ ಮೂರು ಹೊತ್ತೂ ತಿನ್ನಿಸುತ್ತಿದ್ದಾಳೆ. ಗೋಡೆಗೆ ಮುಖ ಮಾಡಿ ಕೂತು ಕುಡಿಸುತ್ತೇನೆ. ಹೊಲಿಗೆಯ ಗುರುತು ಯಾರಿಗೂ ಕಾಣಬಾರದು. ಅವ್ವನನ್ನು ಬಿಟ್ಟರೆ ಗೊತ್ತಿರುವುದು ನನ್ನ ಗಂಡ ವಿನಯ್‌ಗೆ ಮಾತ್ರ. ನಿಶ್ಚಿತಾರ್ಥಕ್ಕೂ ಮೊದಲೇ ಹೇಳಿದ್ದೆ. "ನನಗೇನೂ ಇಲ್ಲ, ನಮ್ಮವ್ವನಿಗೆ ಮಾತ್ರ ಹೇಳಾಕೆ ಹೋಗಬ್ಯಾಡ" ಎಂದಿದ್ದರು. ದಿನಾಂಕ ೨೦೨೧ರ ನವೆಂಬರ್ ೧೪.

ಎದೆ ಕಲ್ಲಾಗುತ್ತದೆ, ಜ್ವರ ಬರುತ್ತದೆ ಎಂದು ಹೆರಿಗೆಯಾದ ಹೆಂಗಸರೆಲ್ಲ ಹೇಳಿದ್ದರು. ನನಗೆ ಏನೂ ಆಗಿಲ್ಲ. ನನಗೆ ಸಲೀಸಾಗಿ ಬರುತ್ತಿರಬೇಕು.

೮ ಜುಲೈ, ಸೋಮವಾರ

ನಿನ್ನೆ ವಿನಯ್ ಹೊನ್ನಾಳಿಯಿಂದ ಬಂದಿದ್ದರು. ಅಲ್ಲಿನ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು, ಮನೆ ನ್ಯಾಮತಿಯಲ್ಲಿ. ಮಲಗಿದ ಮಗುವಿನ ಚಿತ್ರ ಬರೆದುಕೊಂಡರು. "ಅಲ್ಲಾಡೋದೇ ಇಲ್ಲ, ಬರೆಯಾಕೆ ಸಲೀಸು" ಎಂದರು.

ಅಕ್ಕಪಕ್ಕದವರು ನೋಡಿ ಹೋಗುತ್ತಿದ್ದಾರೆ. "ಎಂಥ ಸಾಧು ಕೂಸು ಶಾಂತಮ್ಮಾರೇ, ದನೀನೇ ಇಲ್ಲ!" ನಿಜ. ಎದೆಗೆ ಇಟ್ಟರೆ ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತದೆ. ಹೊಟ್ಟೆ ತುಂಬಿದ ಲಕ್ಷಣ. ಒಗೆಯುವುದೂ ಕಡಿಮೆ. "ನೀನು ಹುಟ್ಟಿದಾಗ ದಿನಕ್ಕೆ ಇಪ್ಪತ್ತು ಬಟ್ಟೆ ಒಗೀತಿದ್ದೆ, ಇದು ಅಜ್ಜಿ ಕೈ ನೋಯಬಾರ್ದು ಅಂತ ಹುಟ್ಟೈತೆ" ಎಂದಳು ಅವ್ವ. ಬೆಳಿಗ್ಗೆ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕೆಂಪು ಕಲೆ ಇತ್ತು. ಉಷ್ಣ ಎಂದಳು.

ಏಳನೇ ಪುಟವನ್ನು ಮತ್ತೆ ಓದಿದೆ. ಅವರು ಬರೆದದ್ದು ಸುಳ್ಳಾಯಿತು ಎಂದು ಪತ್ರ ಹಾಕಬೇಕು ಅನಿಸಿತು.

೯ ಜುಲೈ, ಮಂಗಳವಾರ

ಏಳನೇ ದಿನದ ಭೇಟಿಗೆಂದು ತಾಜ್‌ಬೀ ಬಂದಳು. ಬಾಣಂತಿಗೆ ನೀರು ಹಾಕುತ್ತಿದ್ದೇವೆ ಎಂದು ಅವ್ವ ಬಾಗಿಲಿನಿಂದಲೇ ಕಳಿಸಿದಳು. ನಾನು ಕೋಣೆಯೊಳಗೆ ಕೂತು ಕೇಳಿಸಿಕೊಂಡೆ. ನನ್ನ ಸ್ನಾನ ಆಗಲೇ ಆಗಿತ್ತು.

೧೦ ಜುಲೈ, ಬುಧವಾರ

ಮಗು ಇವತ್ತು ಏಳಲೇ ಇಲ್ಲ ಎನ್ನಬೇಕು. ಅವ್ವ ದೃಷ್ಟಿ ತೆಗೆದಳು.

೧೨ ಜುಲೈ, ಶುಕ್ರವಾರ, ಹೊನ್ನಾಳಿ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಯಾವುದೂ ಬಿಟ್ಟುಹೋಗಬಾರದು.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ತಾಜ್‌ಬೀ ಬಂದಳು. ಅದು ಅವಳು ಬರಬೇಕಾದ ದಿನವಾಗಿರಲಿಲ್ಲ. ಚಪ್ಪಲಿ ಬಿಡುತ್ತಲೇ ಕೇಳಿದಳು: "ಅಕ್ಕ, ಹಿತ್ತಲ ಹಗ್ಗದ ಮ್ಯಾಲೆ ಮೂರೇ ಬಟ್ಟೆ ಅದಾವೆ. ಉಳಿದಿದ್ದು ಎಲ್ಲಿ ಒಣಗ್ಸಿದೀರಿ?"

"ಅಷ್ಟೇ ಆಗಿದ್ದು" ಎಂದೆ.

"ಎರಡು ದಿನದಿಂದ ಈ ದಾರೀಲಿ ಹೋಗ್ತಾ ಬರ್ತಾ ನೋಡ್ತಿದೀನಿ. ಒಂಬತ್ತು ದಿನದ ಕೂಸಿರೋ ಮನೆ ಹಗ್ಗ ಹಿಂಗಿರಲ್ಲ." ಅವ್ವ ಅಡ್ಡ ಬಂದಳು. "ಬೈರಿ ಶಾಂತಕ್ಕಾ, ಆಮೇಲೆ ಬೈರಿ" ಎನ್ನುತ್ತ ತಾಜ್‌ಬೀ ಕೋಣೆಗೆ ನುಗ್ಗಿ ಮಗುವನ್ನು ಎತ್ತಿಕೊಂಡಳು. ಪಾದಕ್ಕೆ ಬೆರಳಿನಿಂದ ಹೊಡೆದಳು. ಮಗು ಅಳಲಿಲ್ಲ. ಇನ್ನೊಮ್ಮೆ ಹೊಡೆದಳು. ಬಾಯಿ ತೆರೆಯಿತು, ದನಿ ಬರಲಿಲ್ಲ. ಜೋಳಿಗೆಯಲ್ಲಿ ಹಾಕಿ ಎತ್ತಿದಳು.

ಎರಡು ಕಿಲೋ ಮುನ್ನೂರು.

ಅವಳು ಯಾರನ್ನೂ ಬೈಯಲಿಲ್ಲ. ಗಂಡ ಖಾಜಾಸಾಬ್‌ಗೆ ಫೋನು ಮಾಡಿ ಆಟೋ ತರಿಸಿದಳು. ದಾರಿಯುದ್ದಕ್ಕೂ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮಗುವಿನ ಪಾದ ಒರೆಸುತ್ತ, "ಮಲಗಬ್ಯಾಡಮ್ಮ, ಮಲಗಬ್ಯಾಡ" ಎನ್ನುತ್ತಿದ್ದಳು.

ಹೋದದ್ದು ಹೊನ್ನಾಳಿಗೆ, ವಿನಯ್ ಗುರುತಿನ ಮಕ್ಕಳ ಡಾಕ್ಟರ ಹತ್ತಿರ. ಅವರು ಹೆಂಗಸು. ಅವರು ರಕ್ತ ತೆಗೆಯಲು ನರ ಹುಡುಕುವಷ್ಟರಲ್ಲಿ ನ್ಯಾಮತಿಯಿಂದ ನನ್ನ ಅತ್ತೆ ಉಚ್ಚಂಗೆಮ್ಮನವರೂ ಬಂದು ಮಂಚದ ಪಕ್ಕ ನಿಂತಿದ್ದರು. ಮಗುವಿನ ಮೈಯಲ್ಲಿ ನೀರು ಬತ್ತಿ ಉಪ್ಪಿನಂಶ ಏರಿದೆ ಎಂದರು ಡಾಕ್ಟರು. ಒಂದೇ ಸಲಕ್ಕೆ ಇಳಿಸಿದರೆ ಮೆದುಳಿಗೆ ಪೆಟ್ಟು, ನಿಧಾನ ಇಳಿಸಬೇಕು, ಹೆಚ್ಚು ಕಡಿಮೆಯಾದರೆ ದಾವಣಗೆರೆಗೆ ಒಯ್ಯಬೇಕು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ಎದೆಗೆ ಯಾವಾಗಾದ್ರೂ ಆಪರೇಷನ್ ಆಗಿತ್ತಾ?"

ಅತ್ತೆ ಅಲ್ಲೇ ಇದ್ದರು. ವಿನಯ್ ನೆಲ ನೋಡುತ್ತಿದ್ದರು. ಉತ್ತರ ಒಂದೇ ಪದ. ಅದನ್ನು ಹೇಳಲು ನಾನು ತೆಗೆದುಕೊಂಡ ಹೊತ್ತಿನಲ್ಲಿ ಡಾಕ್ಟರು ಎರಡನೇ ಸಲ ಕೇಳಬೇಕಾಯಿತು.

"ಆಗಿತ್ತು. ಒಂಬತ್ತು ವರ್ಷದ ಹಿಂದೆ. ಸಣ್ಣದು ಮಾಡಿಸಿಕೊಂಡಿದ್ದು."

"ಕಾರ್ಡಿನಲ್ಲಿ ಯಾಕೆ ಇಲ್ಲ?"

"ಹೇಳಿದ್ದೆ. ಬರೆಯಲಿಲ್ಲ."

೧೩ ಜುಲೈ, ಶನಿವಾರ

ಉಪ್ಪು ಇಳಿಯುತ್ತಿದೆ. ಇವತ್ತು ಬೆಳಿಗ್ಗೆ ಮಗು ಅತ್ತಿತು. ವಾರ್ಡಿನ ಉಳಿದವರು ಮುಖ ಸಿಂಡರಿಸಿದರು. ನಾನು, ಅವ್ವ, ಅತ್ತೆ, ವಿನಯ್ ನಾಲ್ಕೂ ಜನ ಅಳುವನ್ನು ನಿಲ್ಲಿಸಲು ಹೋಗದೆ ಸುಮ್ಮನೆ ನಿಂತು ಕೇಳಿದೆವು.

ಆಮೇಲೆ ಅತ್ತೆ ಬಾಯಿ ಬಿಟ್ಟರು.

"ಕೊಯ್ಸಿಕೊಂಡಿದ್ದಕ್ಕೆ ನಾನ್ಯಾಕೆ ಬೈಲಿ? ನಿನ್ ಮೈ, ನಿನ್ ನೋವು. ಒಂಬತ್ತು ದಿನ ಕೂಸು ಹಸ್ಕೊಂಡು ಮಲಗೈತೆ, ನೀನು ಗುಟ್ಟು ಕಾಯ್ಕೊಂಡು ಕುಂತೀಯಲ್ಲ! ನಾನೇನು ಹುಲಿನಾ?"

"ಅವ್ವ, ನಾನೇ ಹೇಳಬ್ಯಾಡ ಅಂದಿದ್ದು" ಎಂದರು ವಿನಯ್.

"ನೀನು ಸುಮ್ನಿರಪ್ಪ. ನಿಂದು ಬ್ಯಾರೆ ವಿಚಾರಿಸ್ತೀನಿ."

ಎಷ್ಟು ಸುಲಭ! ಸಹಿ ಹಾಕಿಸಿಕೊಂಡವನು ಎಲ್ಲೋ ಇದ್ದಾನೆ, ಕಾರ್ಡಿನಲ್ಲಿ ಬರೆಯದ ನರ್ಸ್ ಎಲ್ಲೋ ಇದ್ದಾಳೆ. ತಪ್ಪು ಕೊನೆಗೆ ಮಂಚದ ಮೇಲೆ ಕೂತವಳ ತಲೆಗೇ ಬರುತ್ತದೆ. ಇದನ್ನೂ ದಿನಾಂಕ ಹಾಕಿ ಬರೆದಿದ್ದೇನೆ.

೧೬ ಜುಲೈ, ಮಂಗಳವಾರ, ಬಸವಾಪಟ್ಟಣ

ಮನೆಗೆ ಬಂದೆವು. ಎರಡು ಕಿಲೋ ಐನೂರ ಎಂಬತ್ತು.

ಡಾಕ್ಟರು ಕೂಡಿಸಿಕೊಂಡು ಹೇಳಿದರು. ಬಲಗಡೆ ಒಂದಿಷ್ಟು ಬರುತ್ತದೆ, ಎಡಗಡೆ ಬಹಳ ಕಡಿಮೆ. ಪ್ರತಿ ಸಲ ಮೊದಲು ಎದೆಗೆ ಹಾಕುವುದು, ಆಮೇಲೆ ಪುಡಿ ಹಾಲು. ನಿಲ್ಲಿಸಬೇಕಿಲ್ಲ, ಆದರೆ ಬರೀ ಎದೆಹಾಲಿಗೆ ಬಿಡಬಾರದು. "ನಿಮ್ಮಲ್ಲಿ ಇರುವುದು ಕಡಿಮೆ, ಇಲ್ಲದೆ ಇಲ್ಲ" ಎಂದರು. ಇಷ್ಟನ್ನು ಒಂಬತ್ತು ವರ್ಷದ ಹಿಂದೆ ಕನ್ನಡದಲ್ಲಿ ಒಬ್ಬರು ಹೇಳಿದ್ದರೆ ಮುಗಿಯುತ್ತಿತ್ತು.

ಅತ್ತೆಯೂ ನಮ್ಮ ಜೊತೆ ಬಂದಿದ್ದಾರೆ. ಬಾಣಂತನಕ್ಕೆ ಬೀಗರ ಮನೆಯಲ್ಲಿ ಬಂದು ಕೂತ ಅತ್ತೆಯನ್ನು ಈ ಓಣಿ ಕಂಡಿಲ್ಲ. ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಒಂದು ಬೆಳ್ಳಿ ಒಳಲೆ ತಂದರು, ದೋಣಿಯ ಹಾಗೆ ಒಂದು ಕಡೆ ಚೂಪು ಮೂತಿಯದು. ಜಗಳೂರಿನ ಅವರ ತವರಿನದು. ವಿನಯ್ ಕುಡಿದದ್ದೂ ಅದರಲ್ಲೇ ಅಂತೆ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿಟ್ಟು ತೆಗೆದು, ಮಗುವನ್ನು ತೊಡೆಯ ಮೇಲೆ ಎತ್ತರಕ್ಕೆ ಹಿಡಿದು, ತುಟಿಯ ಅಂಚಿಗೆ ಮುಟ್ಟಿಸಿ ನಿಧಾನ ಬಾಗಿಸುತ್ತಾರೆ.

"ಬೀಗ್ರೇ, ಬಾಟ್ಲಿ ತಂದಿದ್ವಲ್ಲ" ಎಂದಳು ಅವ್ವ.

"ಬಾಟ್ಲಿ ರುಚಿ ಹತ್ತಿದ್ರೆ ತಾಯಿ ಹತ್ರ ಹೋಗಲ್ಲ. ಇದಕ್ಕೆ ಚೀಪೋ ಕೆಲ್ಸ ಇಲ್ಲ. ಚೀಪಾಕೆ ತಾಯಿನೇ ಬೇಕು."

ನಾನು ಗೋಡೆಗೆ ಮುಖ ಮಾಡಿಯೇ ಕೂತಿದ್ದೆ.

೧೮ ಜುಲೈ, ಗುರುವಾರ

ಡಾಕ್ಟರು ಹೇಳಿದಂತೆ ತಾಜ್‌ಬೀ ಈಗ ದಿನಾ ಬಂದು ತೂಗುತ್ತಾಳೆ, ಅವ್ವ ತಡೆಯುತ್ತಿಲ್ಲ. ಬೆಳಿಗ್ಗೆ ಎರಡು ಕಿಲೋ ಆರುನೂರ ಇಪ್ಪತ್ತು.

ಹಿಂಡಿ ನೋಡಿದೆ. ಎರಡೂ ಕಡೆ ಸೇರಿ ಇಪ್ಪತ್ತು ನಿಮಿಷಕ್ಕೆ ಹದಿನೈದು ಎಂ.ಎಲ್. ಲೋಟದ ತಳ ಮುಚ್ಚಿತು, ಅಷ್ಟೇ.

ಪುಡಿ ಹಾಲು ಕೊಟ್ಟ ಪ್ರತಿ ಸಲವೂ ದಾವಣಗೆರೆಯ ಆ ಡಾಕ್ಟರು ಕೈಗವಸು ಎಳೆದುಕೊಂಡು ನಕ್ಕಂತಾಗುತ್ತದೆ. ಅವರ ಏಳನೇ ಪುಟ ನಿಜವಾಗಬಾರದು. ಬೇಡಿಕೆ ಹೆಚ್ಚಿದರೆ ಹಾಲೂ ಹೆಚ್ಚುತ್ತದೆ ಎಂದು ಓದಿದ್ದೇನೆ. ಇವತ್ತು ಅತ್ತೆ ಮಲಗಿದ್ದಾಗ, ಅವ್ವ ಅಂಗಡಿಗೆ ಹೋದಾಗ, ಕಲಸಿಟ್ಟ ಹಾಲನ್ನು ನಾಲ್ಕು ಸಲ ಬಚ್ಚಲಿಗೆ ಸುರಿದು ಖಾಲಿ ಒಳಲೆ ತೊಳೆದಿಟ್ಟೆ. ಬರೀ ಎದೆಗೆ ಹಾಕಿದೆ. ಕೆಟ್ಟ ಹಟದಿಂದ ಅತ್ತಿತು. ಅಳುವ ಶಕ್ತಿ ಇದೆಯಲ್ಲ.

೧೯ ಜುಲೈ, ಶುಕ್ರವಾರ

ಎರಡು ಕಿಲೋ ಐನೂರ ಎಪ್ಪತ್ತು.

ತಾಜ್‌ಬೀ ತಕ್ಕಡಿಯನ್ನು ಎರಡು ಸಲ ನೋಡಿದಳು. ಆಮೇಲೆ ಹಿತ್ತಲ ಬಾಗಿಲಿಗೆ ಹೋಗಿ ಹಗ್ಗ ನೋಡಿ ಬಂದಳು. ಅವ್ವನನ್ನೂ ಅತ್ತೆಯನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಸುರಿದ್ರಾ?"

ನಾನು ಒಳಲೆಯನ್ನು ದಿಂಬಿನ ಹಿಂದೆ ಸರಿಸಿದೆ.

"ಯಾರ ಮ್ಯಾಲೆ ಜಿದ್ದು ಅಕ್ಕ? ಆ ಡಾಕ್ಟ್ರು ಎಲ್ಲಿದಾನೋ ಏನೋ. ಅವನಿಗೆ ನಿಮ್ ಹೆಸ್ರೂ ನೆನಪಿರಲ್ಲ. ಅವನನ್ನ ಸೋಲ್ಸಾಕೆ ಇದನ್ನ ಹಸಿವಿಗೆ ಹಾಕ್ತೀರಾ?"

ನನಗೆ ಸಿಟ್ಟು ಬಂತು. ಓದಿದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಪುಸ್ತಕದಾಗೆ ಇರೋದು ಸರಿನೇ. ನಿಮ್ ಮೈ ಆ ಪುಸ್ತಕ ಓದಿಲ್ಲ." ಬಾಗಿಲು ತೆಗೆಯುವಾಗ ನಿಂತು ಕೇಳಿದಳು: "ಮೊದಲ್ನೇ ದಿನ ಉಚ್ಚೆ ಆರು ಸಲ ಅಂದ್ರಲ್ಲ. ಎಣಿಸಿದ್ರಾ?"

ನಾನು ಮಗುವಿನ ಬಟ್ಟೆ ಮಡಚತೊಡಗಿದೆ.

೨೧ ಜುಲೈ, ಭಾನುವಾರ

ಒಳಲೆ ಹಿಡಿಯುವುದನ್ನು ಅತ್ತೆಯಿಂದ ಕಲಿತೆ. ಮಣಿಕಟ್ಟು ಆಡಿಸಬಾರದು, ಮೊಣಕೈಯೇ ಬಾಗಬೇಕು. ಮೂರನೇ ಸಲಕ್ಕೆ ಒಂದು ಹನಿಯೂ ಚೆಲ್ಲಲಿಲ್ಲ. ಕುಡಿದಾದ ಮೇಲೆ ಹುಬ್ಬು ಮೇಲೆತ್ತಿ, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳುವ ಹಾಗೆ ನನ್ನನ್ನು ನೋಡುತ್ತಾಳೆ.

ಸೊಪ್ಪಿಗೆ ಬೆಳ್ಳುಳ್ಳಿ ಎಷ್ಟು ಎಂಬ ವಿಷಯದಲ್ಲಿ ಅವ್ವನಿಗೂ ಅತ್ತೆಗೂ ಜಗಳ. ನಾನು ನಡುಮನೆಯಲ್ಲೇ ಕೂತು ಕುಡಿಸುತ್ತ ಕೇಳುತ್ತಿದ್ದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

೨೪ ಜುಲೈ, ಬುಧವಾರ

ತಾಜ್‌ಬೀಗೆ ನೋಟಿಸು ಬಂದಿದೆ.

ಅವಳು ಹೇಳಲಿಲ್ಲ. ಖಾಜಾಸಾಬ್ ಹಾಲಿನ ಪುಡಿ ತಂದುಕೊಡಲು ಬಂದವರು ಹೇಳಿದರು. ಮಗು ಆಸ್ಪತ್ರೆ ಸೇರಿದ ವರದಿ ಮೇಲೆ ಹೋಗಿ, ಮೊದಲ ಎರಡು ಭೇಟಿಗಳಲ್ಲಿ ತೂಕ ಮಾಡದೆ ಕರ್ತವ್ಯಲೋಪ ಎಸಗಿದ್ದಕ್ಕೆ ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು ಎಂದಿದೆಯಂತೆ. "ಹನ್ನೆರಡು ವರ್ಷ ಈ ಊರಿನ ಕೂಸುಗಳನ್ನ ತೂಗಿದಾಳಮ್ಮ. ಎರಡು ದಿನದಿಂದ ಊಟ ಮಾಡಿಲ್ಲ" ಎಂದರು.

ತಾಜ್‌ಬೀಯನ್ನು ಕರೆಸಿದೆ. ಏನು ಉತ್ತರ ಬರೆದೆ ಎಂದು ಕೇಳಿದೆ.

"ಮನೆಯವರು ಒಪ್ಪಲಿಲ್ಲ ಅಂತ ಬರೆದೀನಿ."

"ನಾನು ಆರು ಅಂದಿದ್ದನ್ನ?"

"ಬರೀಲಿಲ್ಲ. ಬಾಣಂತಿ ಮ್ಯಾಲೆ ಹಾಕಿ ನಾನು ಉಳ್ಕೋಬೇಕಾ? ಬ್ಯಾಡ ಬಿಡ್ರಿ."

ಅವಳು ಹೋದ ಮೇಲೆ ಈ ದಿನಚರಿಯನ್ನು ಮೊದಲಿನಿಂದ ಓದಿದೆ. ಎಲ್ಲರ ತಪ್ಪಿಗೂ ದಿನಾಂಕ ಇದೆ. ಜುಲೈ ೫ರ ಬರಹದ ಕೊನೆಯಲ್ಲಿ "ಆರು ಎಂದೆ. ಬರೆದುಕೊಂಡಳು" ಎಂದು ಬರೆದು ಮುಂದಕ್ಕೆ ಹೋಗಿದ್ದೇನೆ. ಒಂದು ಸಲವೂ ಎಣಿಸಿರಲಿಲ್ಲ. ತೂಗಿದರೆ ಕಡಿಮೆ ಬರುತ್ತದೆ, ಆಗ ಯಾಕೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ ಎಂದು ಹೆದರಿ ಅವ್ವನ ಸೆರಗಿನ ಹಿಂದೆ ನಿಂತೆ. ಅವ್ವನಿಗಾದರೂ ನಂಬಿಕೆ ಇತ್ತು. ನನಗೆ ಅದೂ ಇರಲಿಲ್ಲ.

೨೮ ಜುಲೈ, ಭಾನುವಾರ

ಹೆಸರಿಟ್ಟೆವು. ನೀಲಾಂಬಿಕೆ. ಕರೆಯುವುದಕ್ಕೆ ನೀಲಾ.

ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ, ಹೆಂಗಸರು ಅವಲಕ್ಕಿ ತಟ್ಟೆ ಹಿಡಿದು ಕೂತಾಗ ಅವ್ವ ಎದ್ದು ನಿಂತಳು. "ತಾಜ್‌ಬೀ, ತಕ್ಕಡಿ ತಂದೀಯೇನೆ?"

"ತಂದೀನಿ ಶಾಂತಕ್ಕಾ. ಎಲ್ಲರೂ ಕುಂತಿದಾರೆ, ದೃಷ್ಟಿ ಆಗಲ್ವಾ?"

"ಆಗ್ಲಿ ನೋಡಾನ. ಎಲ್ಲರೂ ನೋಡ್ಲಿ ಅಂತಾನೇ."

ಕೊಕ್ಕೆಯನ್ನು ಅವ್ವನೇ ಹಿಡಿದಳು. ಕೂಸು ಕಾಲು ಒದ್ದು ಮುಳ್ಳು ನಿಲ್ಲಲಿಲ್ಲ. ಅತ್ತೆ ಬಂದು ಅವಳ ಮೊಣಕೈಗೆ ಕೈ ಕೊಟ್ಟರು. ಎರಡು ಕಿಲೋ ಒಂಬೈನೂರ ಇಪ್ಪತ್ತು. ಹುಟ್ಟಿದ ತೂಕಕ್ಕೆ ಇಪ್ಪತ್ತಾರು ದಿನಕ್ಕೆ ಮರಳಿದಳು.

ಓಣಿಯ ಒಬ್ಬಾಕೆ ಒಳಲೆ ನೋಡಿ, "ಯಾಕೆ ಶಿವಲೀಲಾ, ಹಾಲಿಲ್ವೇನೆ?" ಎಂದಳು. "ಐತೆ, ಸಾಲದು. ಮೊಲೆ ಆಪರೇಷನ್ ಆಗೈತೆ ನನಗೆ" ಎಂದೆ. ಅವಳ ಕೈಯ ಅವಲಕ್ಕಿ ಬಾಯಿಗೆ ಹೋಗದೆ ನಿಂತಿತು. ಆಮೇಲೆ ಇನ್ನಷ್ಟು ಅವಲಕ್ಕಿ ಹಾಕಿಸಿಕೊಂಡು ಕೂತಳು, ಅಷ್ಟೇ.

೩ ಆಗಸ್ಟ್, ಶನಿವಾರ

ಸ್ತನ್ಯಪಾನ ಸಪ್ತಾಹವಂತೆ. ಬುಧವಾರ ಸಮುದಾಯ ಭವನದಲ್ಲಿ ಸಭೆ, ಅಧಿಕಾರಿಗಳು ಬರುತ್ತಾರೆ. ಅದೇ ದಿನ ತಾಜ್‌ಬೀಯ ವಿಷಯವನ್ನೂ ತೀರ್ಮಾನ ಮಾಡುತ್ತಾರಂತೆ, ಸಭೆ ಮುಗಿದ ಮೇಲೆ, ಒಳಕೋಣೆಯಲ್ಲಿ.

ಬಾಣಂತಿ ಹೊಸಿಲು ದಾಟುವ ಹಾಗಿಲ್ಲ ಎಂದಳು ಅವ್ವ. "ನಾನು ಜೊತೆಗೆ ಹೋಗ್ತೀನಿ ಬೀಗ್ರೇ, ಕಿವಿಗೆ ಹತ್ತಿ ಇಟ್ಟು ಕರ್ಕೊಂಡ್ ಹೋಗ್ತೀನಿ" ಎಂದರು ಅತ್ತೆ. ಅವ್ವ ಒಳಲೆ ಕಟ್ಟಿಕೊಳ್ಳಲು ಒಗೆದ ಬಟ್ಟೆ ಹುಡುಕತೊಡಗಿದಳು.

ಹಗ್ಗ ಸಾಲುತ್ತಿಲ್ಲ. ವಿನಯ್ ಇನ್ನೊಂದು ಕಟ್ಟಿ ಹೋದರು.

೭ ಆಗಸ್ಟ್, ಬುಧವಾರ

ವೇದಿಕೆಯ ಹಿಂದೆ ದೊಡ್ಡ ಬ್ಯಾನರು: ಹಾಲಿಲ್ಲದ ತಾಯಿಯೇ ಇಲ್ಲ. ಬಂದಿದ್ದ ಅಧಿಕಾರಿ ಮುಕ್ಕಾಲು ಗಂಟೆ ಅದನ್ನೇ ಬಿಡಿಸಿ ಹೇಳಿದರು. ಈಗಿನ ವಿದ್ಯಾವಂತ ಹೆಣ್ಣುಮಕ್ಕಳು ಅಂದ ಕೆಡುತ್ತದೆಂದು ಎದೆಹಾಲು ತಪ್ಪಿಸುತ್ತಾರೆ ಎಂದರು. ಆಶಾ ಕಾರ್ಯಕರ್ತೆಯರ ನಿರ್ಲಕ್ಷ್ಯವನ್ನು ಸಹಿಸುವುದಿಲ್ಲ ಎಂದರು. ತಾಜ್‌ಬೀ ಕೊನೆಯ ಸಾಲಿನಲ್ಲಿ ಗುಲಾಬಿ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

ಪ್ರಶ್ನೆಗಳಿವೆಯೇ ಎಂದು ಬಾಯಿಮಾತಿಗೆ ಕೇಳಿದರು. ಎದ್ದೆ.

ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ, ಏಳನೇ ಪುಟದ ನಕಲು ಸಹಿತ. ಅರ್ಧ ಪುಟ ಓದುವಷ್ಟರಲ್ಲಿ ನೀಲಾ ಎದ್ದಳು. ಅವಳ ದನಿ ಈಗ ಸಭೆಯ ಆ ತುದಿಗೂ ಮುಟ್ಟುತ್ತದೆ. ಕಾಗದವನ್ನು ಅತ್ತೆಯ ಕೈಗೆ ಕೊಟ್ಟು ವೇದಿಕೆಯ ಮೆಟ್ಟಿಲ ಮೇಲೆ ಕೂತು ಎದೆಗೆ ಹಾಕಿಕೊಂಡೆ. ಕೂತಲ್ಲಿಂದಲೇ ಹೇಳಿದೆ, ಓದದೆ.

"ಸಾರ್, ನನ್ನ ಮೊಲೆಗೆ ಆಪರೇಷನ್ ಆಗೈತೆ. ಹಾಲು ಕಡಿಮೆ ಆಗ್ತೈತೆ ಅಂತ ಆಗ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೆರಿಗೆ ಆದಾಗ ನಾನು ಹೇಳಿದೆ, ಕಾರ್ಡಿನಾಗೆ ಬರೀಲಿಲ್ಲ. ಹಾಲಿಲ್ಲದ ತಾಯಿಯೇ ಇಲ್ಲ ಅಂತ ಎಲ್ಲರೂ ಅಂದ್ರು, ನಾನೂ ನಂಬಿದೆ. ಈ ಕೂಸು ಒಂಬತ್ತು ದಿನ ಉಪವಾಸ ಬಿತ್ತು. ಜುಲೈ ೫ನೇ ತಾರೀಖು ತಾಜ್‌ಬೀ ತಕ್ಕಡಿ ತಂದಿದ್ಲು. ತೂಗಬ್ಯಾಡ ಅಂದೋಳು ನಾನು. ಕೂಸು ಆರು ಸಲ ಉಚ್ಚೆ ಹೊಯ್ತೈತೆ ಅಂತ ಸುಳ್ಳು ಹೇಳ್ದೋಳು ನಾನು. ಹಗ್ಗದ ಮ್ಯಾಲಿನ ಬಟ್ಟೆ ಎಣಿಸಿ ಇದರ ಜೀವ ಉಳ್ಸಿದೋಳು ಅವಳು."

ಎರಡೂ ಕಡೆ ಮುಗಿಯಿತು. ಅತ್ತೆ ಪಕ್ಕಕ್ಕೆ ಬಂದು ಕೂತು ಒಳಲೆ ಹಿಡಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಬಸುರಿ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಕ್ಕ, ನನಗೂ ಒಂದು ಗಡ್ಡೆ ತೆಗೆದಿದ್ರು ಅಲ್ಲಿ. ಯಾರಿಗೆ ಹೇಳಬೇಕು?" ಎಂದಳು. ನನ್ನನ್ನೇ ಕೇಳಿದಳು. ನಾನು ಅಧಿಕಾರಿಯ ಕಡೆ ಕೈ ತೋರಿಸಿದೆ.

ಅವರು ವಾಚು ನೋಡಿಕೊಂಡರು. "ಆಮೇಲೆ ಬಂದು ಕಾಣಮ್ಮ. ಕೂತು ಮಾತಾಡೋಣ."

ಒಂಬತ್ತು ವರ್ಷದ ಹಿಂದೆಯೂ ಆಮೇಲೆ ಎಂದೇ ಹೇಳಿದ್ದರು.

ನೀಲಾಳನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತೆ.

"ಆಮೇಲೆ ಬ್ಯಾಡ ಸಾರ್. ನನ್ನ ಸುಳ್ಳನ್ನ ನಾನು ಎಲ್ಲರ ಮುಂದೆ ಒಪ್ಕೊಂಡೀನಿ. ಆಪರೇಷನ್ ಆಗಿದ್ದನ್ನ ನನ್ನ ಕಾರ್ಡಿನಾಗೆ ಯಾಕೆ ಬರೀಲಿಲ್ಲ, ನಾಳೆಯಿಂದ ಪ್ರತಿಯೊಬ್ಬ ಬಸುರಿಗೂ ಅದನ್ನ ಕೇಳಿ ಬರ್ಕೋತೀರೋ ಇಲ್ವೋ, ತಾಜ್‌ಬೀ ನೋಟಿಸು ಯಾವತ್ತು ವಾಪಸ್ ತಗೋತೀರಿ, ನೀವೂ ಎಲ್ಲರ ಮುಂದೆ ಹೇಳ್ರಿ. ಒಳಕೋಣೆ ಬ್ಯಾಡ. ಮೈಕು ನಿಮ್ ಕೈಯಾಗೇ ಐತೆ."